ಬಂದವರು ನಮ್ಮವರಾಗುವ ಬಗೆ



ಪ್ರಭು ಯೇಸು ಎಪ್ಪತ್ತೆರಡು ಮಂದಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸಿದ ಸಂಗತಿಯನ್ನು ಸಂತ ಲೂಕರು ತಮ್ಮ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಹೊರಟವರ ಕೈಯಲ್ಲಿ ಹಣದ ಚೀಲವಿಲ್ಲ, ಹೆಗಲಲ್ಲಿ ಜೋಳಿಗೆಯಿಲ್ಲ. ಬರಮಾಡಿಕೊಂಡ ಮನೆಯಲ್ಲೇ ತಂಗಬೇಕು, ಬಡಿಸಿದ್ದನ್ನು ಉಣ್ಣಬೇಕು. ಈ ಭಾಗದ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಆದರೆ ಅದು ನನ್ನ ಮನಸ್ಸಿಗೆ ನಾಟಿದ್ದು ಒಂದು ಮುಜುಗರವಾದ ಮೇಲೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆ 1988ರಿಂದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಇಲ್ಲಿ ನಮ್ಮ ಕುಟುಂಬಗಳು ಕಡಿಮೆ. ಇರುವವೂ ಅಲ್ಲೊಂದು ಇಲ್ಲೊಂದು. ಮನೆ ಭೇಟಿಗೆ ಹೋದಾಗಲೆಲ್ಲ ಒಂದೇ ಬೇಡಿಕೆ: "ಫಾದರ್, ನಮ್ಮೂರಿಗೂ ಸಿಸ್ಟರುಗಳು ಬರಲಿ, ಒಂದು ಕಾನ್ವೆಂಟ್ ಶಾಲೆಯಾಗಲಿ." ನಾನೂ ಹುರುಪಿನಿಂದ ಒಂದು ಧಾರ್ಮಿಕ ಸಭೆಯ ಶ್ರೇಷ್ಠೆಯವರನ್ನು ಕಾಣಲು ಹೋದೆ. ಜಾಗದ ಅಳತೆ, ಹೆದ್ದಾರಿಗಿರುವ ದೂರ, ಶಾಲೆಗೆ ಸೇರಬಹುದಾದ ಮಕ್ಕಳ ಲೆಕ್ಕ, ಎಲ್ಲವನ್ನೂ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿ ಮೂರೇ ಪ್ರಶ್ನೆ ಹಾಕಿದರು. ನಮ್ಮವರಿಗೆ ದಿನವೂ ಬಲಿಪೂಜೆ ಸಿಗುತ್ತದೆಯೇ? ಅಲ್ಲಿ ಯಾರೂ ವಿಚಾರಿಸದ ಬಡವರು ಯಾರು? ನಮ್ಮ ಸಿಸ್ಟರ್‌ಗೆ ಜ್ವರ ಬಂದರೆ ಗಂಜಿ ತರುವ ಮನೆ ಯಾವುದು?

ಮೊದಲನೆಯದಕ್ಕೆ ತಡವರಿಸಿದೆ. ಎರಡನೆಯದಕ್ಕೆ ಏನೋ ಹೇಳಿದೆ. ಮೂರನೆಯದಕ್ಕೆ ನನ್ನಲ್ಲಿ ಉತ್ತರವೇ ಇರಲಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಮನಸ್ಸಿಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಆಮೇಲೆ ಯೋಚಿಸಿದರೆ, ಅವರು ಕೇಳಿದ್ದು ಧರ್ಮಸಭೆಯ ಕಾನೂನೇ ಕೇಳುವ ಮಾತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 609ನೆಯ ನಿಯಮದ ಪ್ರಕಾರ ಒಂದು ಧಾರ್ಮಿಕ ಸಭೆ ಹೊಸ ಮನೆಯನ್ನು ಸ್ಥಾಪಿಸಬೇಕಾದರೆ ಆ ಸ್ಥಳದ ಧರ್ಮಾಧ್ಯಕ್ಷರ ಲಿಖಿತ ಒಪ್ಪಿಗೆ ಮೊದಲೇ ಬೇಕು. 610ನೆಯ ನಿಯಮ ಇನ್ನೂ ಮುಂದೆ ಹೋಗುತ್ತದೆ: ಆ ಮನೆಯಿಂದ ಧರ್ಮಸಭೆಗೂ ಆ ಧಾರ್ಮಿಕ ಸಭೆಗೂ ಒಳಿತಾಗಬೇಕು, ಅಲ್ಲಿರುವವರು ತಮ್ಮ ಸಭೆಯ ಗುರಿಗೂ ಚೈತನ್ಯಕ್ಕೂ ತಕ್ಕಂತೆ ಬಾಳಲು ಬೇಕಾದದ್ದು ದೊರೆಯಬೇಕು. ಆ ಮನೆಯಲ್ಲಿ ಪರಮಪ್ರಸಾದವಿರುವ ಪ್ರಾರ್ಥನಾಲಯವೂ ಇರಬೇಕು. ಕಟ್ಟಡ ಎಷ್ಟು ದೊಡ್ಡದಿರಬೇಕೆಂದು ಕಾನೂನು ಹೇಳುವುದಿಲ್ಲ.

ಒಂದು ಸಭೆ ಪರನಾಡಿನಲ್ಲಿ ಹೇಗೆ ನೆಲೆಯೂರುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಸಾಕ್ಷಿಯಿದೆ. ಆಂಗ್ಲಿಕನ್ ಬೋಧಕರ ಮಗಳಾಗಿ ಹುಟ್ಟಿ ಕಥೋಲಿಕರಾದ ಮಾತೆ ವೆರೋನಿಕಾ ಕಲ್ಲಿಕೋಟೆಯಲ್ಲಿ ಸೇವೆ ಮಾಡಿ, ಬಳಿಕ 1868ರಲ್ಲಿ ಫ್ರಾನ್ಸಿನ ಬಯೋನ್‌ನಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಭೆಯನ್ನು ಆರಂಭಿಸಿದರು. ಅದರ ಮೂವರು ಭಗಿನಿಯರು 1870ರ ನವೆಂಬರ್ 19ರಂದು ಮಂಗಳೂರಿಗೆ ಬಂದರು. ಕರೆಸಿಕೊಂಡವರು ಅಲ್ಲಿನ ಕಾರ್ಮೆಲ್ ಬಿಷಪ್ ಮರಿ ಎಫ್ರೆಮ್. ಅದೇ ವರ್ಷ ಮಂಗಳೂರಿನಲ್ಲಿ ಏಕಾಂತ ಮಠವನ್ನು ತೆರೆಯಲು ಪೋ ನಗರದ ಕಾರ್ಮೆಲ್ ಮಠದ ಕನ್ಯೆಯರೂ ಹೊರಟಿದ್ದರು. ಅವರಲ್ಲಿ ಒಬ್ಬರು ಗಲಿಲೇಯದ ಮರಿಯಮ್ ಬವಾರ್ದಿ, 2015ರಲ್ಲಿ ಸಂತ ಪದವಿಗೇರಿದವರು. ಆ ಸಮುದ್ರಯಾನದಲ್ಲಿ ಮೂವರು ಕನ್ಯೆಯರು ಮಂಗಳೂರನ್ನು ಕಾಣದೆಯೇ ಪ್ರಾಣ ಬಿಟ್ಟರು. ಅವರ ಸ್ಥಾನಕ್ಕೆ ಬೇರೆಯವರು ಬಂದ ಮೇಲೆ ವರ್ಷದ ಕೊನೆಗೆ ಮಠದ ಜೀವನ ಮೊದಲಾಯಿತು.

ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಕರೆದ ಬಿಷಪ್ 1873ರಲ್ಲಿ ತೀರಿಕೊಂಡರು. ಅತ್ತ ಬಯೋನ್‌ನ ಮೂಲಮನೆಯೇ ಮುಚ್ಚಿಹೋಯಿತು. ಸ್ಥಾಪಕಿ ವೆರೋನಿಕಾ ಪೋ ಮಠಕ್ಕೆ ಮರಳಿದರು. 1906ರಲ್ಲಿ ಕಣ್ಣು ಮುಚ್ಚುವವರೆಗೂ ಮಂಗಳೂರಿನ ತಮ್ಮ ಮಠವನ್ನು ನೋಡಲಿಲ್ಲ. ಲೋಕದ ಲೆಕ್ಕದಲ್ಲಿ ಅದು ಸೋಲು. ಆದರೆ ತಾಯಿಬೇರು ಒಣಗಿದರೂ ಮಂಗಳೂರಿನಲ್ಲಿ ನೆಟ್ಟ ಸಸಿ ಬದುಕಿತು. ಹೇಗೆ? ಅಲ್ಲಿನ ಮನೆಗಳು ಹೆಣ್ಣುಮಕ್ಕಳನ್ನು ಮೊದಲು ಆ ಸಿಸ್ಟರುಗಳ ಶಾಲೆಗೆ ಕಳುಹಿಸಿದವು, ಆಮೇಲೆ ಮಠಕ್ಕೂ ಕೊಟ್ಟವು. ಸಂತ ಆಗ್ನೆಸ್ ಕಾಲೇಜು ಆರಂಭವಾದದ್ದು 1921ರಲ್ಲಿ, ಬಂದು 51 ವರ್ಷವಾದ ಮೇಲೆ. ಇಂದು ಆ ಸಭೆಯ ಭಗಿನಿಯರು ಬಹುಮಟ್ಟಿಗೆ ಭಾರತದವರೇ. ಶ್ರೀಲಂಕಾ, ಕುವೈತ್, ಕೆನ್ಯಾದಲ್ಲೂ ಸೇವೆ ಮಾಡುತ್ತಿದ್ದಾರೆ. ಬರಮಾಡಿಕೊಂಡ ನಾಡೇ ಕಳುಹಿಸಿಕೊಡುವ ನಾಡಾಯಿತು.

ಪ್ರಿಯರೇ, ಈಗ ನಮ್ಮ ಮನೆಗಳತ್ತ ನೋಡೋಣ. ನಾವು ಸಿಸ್ಟರುಗಳನ್ನು ಕೇಳುತ್ತೇವೆ, ಆದರೆ ನಮ್ಮ ಮಗಳು "ನಾನು ಮಠಕ್ಕೆ ಸೇರುತ್ತೇನೆ" ಎಂದರೆ ಮನೆಯಲ್ಲಿ ಸೂತಕದ ಮೌನ. ಸೀಟು ಬೇಕಾದಾಗ ಬಾಗಿಲು ತಟ್ಟುತ್ತೇವೆ, ಅವರ ನಲ್ಲಿಯಲ್ಲಿ ನೀರು ಬಂದಿದೆಯೇ ಎಂದು ವಿಚಾರಿಸುವುದಿಲ್ಲ. ಈ ತಪ್ಪಿನಲ್ಲಿ ನಿಮಗಿಂತ ನನ್ನ ಪಾಲೇ ಹೆಚ್ಚು; ಸೈಟಿನ ಅಳತೆ ಹಿಡಿದು ಹೋದವನು ನಾನು.

ಹಿರಿಯೂರಿನ ಬಳಿಯ ವಾಣಿವಿಲಾಸ ಸಾಗರವನ್ನು ನೀವೆಲ್ಲ ಬಲ್ಲಿರಿ. 1907ರಲ್ಲಿ ಕಟ್ಟಿ ಮುಗಿದ ಆ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದು. ನಡುವೆ ಯಾರೂ ಕಟ್ಟೆ ಒಡೆಯಲಿಲ್ಲ. ಇದ್ದಷ್ಟು ನೀರಿನಲ್ಲೇ ತೋಟ ಉಳಿಸಿಕೊಂಡರು. ದೇವರ ಕಾರ್ಯಕ್ಕೂ ಅಂಥ ತಾಳ್ಮೆ ಬೇಕು.

ಆ ಸಿಸ್ಟರುಗಳು ಇನ್ನೂ ಬಂದಿಲ್ಲ. ಮತ್ತೊಮ್ಮೆ ಕೇಳಲು ಹೋಗುವವನಿದ್ದೇನೆ. ಈ ಸಲ ಸೈಟಿನ ನಕ್ಷೆ ಒಯ್ಯುವುದಿಲ್ಲ. ಗಂಜಿ ತರುವ ಮನೆಗಳ ಹೆಸರುಗಳನ್ನು ಬರೆದುಕೊಂಡು ಹೋಗಬೇಕೆಂದಿದ್ದೇನೆ. ಇಂದು ರಾತ್ರಿ ಜಪಸರ ಮುಗಿದ ಮೇಲೆ ಮನೆಮಂದಿಯೆಲ್ಲ ಕುಳಿತು ಯೋಚಿಸಿರಿ: ಆ ಪಟ್ಟಿಯಲ್ಲಿ ನಮ್ಮ ಮನೆಯ ಹೆಸರನ್ನು ಬರೆಯಬಹುದೇ?

ಬಂದವರನ್ನು ಬರಮಾಡಿಕೊಳ್ಳುವ ಹೃದಯವನ್ನು ಪವಿತ್ರಾತ್ಮರು ನಮಗೆ ಕರುಣಿಸಲಿ. ಆಮೆನ್.