ಸೋರದ ಮಾಡು

ಫ್ಲೈಟ್ ಸಿಮ್ಯುಲೇಟರ್ ಕೊಂಡವರಿಗೆ ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ಆಮೇಲೆ ಆ್ಯಡ್-ಆನ್‌ಗಳು ಶುರುವಾಗುತ್ತವೆ. ಒಂದು ವಿಮಾನ, ಒಂದು ಏರ್‌ಪೋರ್ಟ್, ಇನ್ನೊಂಚೂರು ಚೆಂದದ ಮೋಡ. ಸೇಲ್ ಬಂದಾಗಲೆಲ್ಲ ಕಾರ್ಟ್ ತುಂಬುತ್ತದೆ. ಯಾಕೆ ಅಂತ ಕೇಳಿದರೆ ನಮ್ಮೆಲ್ಲರದ್ದೂ ಒಂದೇ ಉತ್ತರ: 'ಇನ್ನೂ ರಿಯಲ್ ಆಗಿರ್ಬೇಕು.' ಸರಿ, ರಿಯಲ್ ಅಂದರೆ ಏನು?

ಮೈಕ್ರೋಸಾಫ್ಟ್ 2020ರಲ್ಲಿ ತಂದ ಸಿಮ್ಯುಲೇಟರ್ ಇಡೀ ಭೂಮಿಯನ್ನು ಬಿಂಗ್ ನಕ್ಷೆಯ ಚಿತ್ರಗಳಿಂದ ಕಟ್ಟಿದೆ. ಚಿತ್ರ ನೋಡಿ, ಇಲ್ಲಿ ಮನೆ, ಅಲ್ಲಿ ಮರ ಅಂತ ಊಹಿಸಿ ನಿಲ್ಲಿಸುವುದು ಎಐ ಕೆಲಸ. ಹೊನ್ನಾವರದ ಮೇಲೆ ಹಾರಿದರೆ ಶರಾವತಿ ಕಡಲು ಸೇರುವ ಅಳಿವೆ ಸಿಗುತ್ತದೆ. ದಕ್ಷಿಣಕ್ಕೆ ಕಾಸರಕೋಡಿನ ಮರಳು, ಆಮೇಲೆ ಅಪ್ಸರಕೊಂಡದ ಗುಡ್ಡ. ಜಲಪಾತ ಮಾತ್ರ ಸಿಗುವುದಿಲ್ಲ. ನೆಟ್ಟಗೆ ಬೀಳುವ ನೀರು ನೆತ್ತಿಯಿಂದ ತೆಗೆದ ಫೋಟೋದಲ್ಲಿ ಕಾಣುವುದಾದರೂ ಹೇಗೆ, ಅದೂ ಮರಗಳ ಮರೆಯಲ್ಲಿ? ಅಪ್ಸರೆಯರು ಮೀಯುತ್ತಿದ್ದರು ಅಂತ ಊರವರು ಹೇಳುವ ಹೊಂಡವೂ ಹಸಿರಿನೊಳಗೆ ಮಾಯ. ಯಾರಾದರೂ ಕೂತು ಒಂದು ಸೀನರಿ ಆ್ಯಡ್-ಆನ್ ಮಾಡಿದರೆ ಇದನ್ನೆಲ್ಲ ತರಬಹುದು. ತಂದರೆ ಕೊಳ್ಳುವ ಮೊದಲಿಗ ನಾನೇ.

ಒಮ್ಮೆ ಅಪ್ಪನಿಗೆ ಇದನ್ನು ತೋರಿಸಿದೆ. ನಮ್ಮ ಕರಾವಳಿಯ ಮೇಲೆ ಜೋರು ಮಳೆ ಹಾಕಿದ್ದೆ. ಸ್ವಲ್ಪ ಹೊತ್ತು ನೋಡಿ ಕೇಳಿದರು: "ಮಳೆ ಚಲೋ ಮಾಡಿದಾರೆ. ಮಾಡು ಸೋರ್ತದಾ?"

ತಮಾಷೆಗೆ ಕೇಳಿದ್ದು. ಆದರೆ ಆ್ಯಡ್-ಆನ್ ಆರಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಸಿಕ್ಕಿಲ್ಲ. ಕೆಲವು ಆ್ಯಡ್-ಆನ್‌ಗಳು ಕಣ್ಣಿಗೆ ವಿವರ ಕೊಡುತ್ತವೆ. ಕೆಲವು ಕೈಗೆ ಹೊಣೆ ಕೊಡುತ್ತವೆ. ಪಿಎಂಡಿಜಿಯವರ 737ರಲ್ಲಿ ಸ್ವಿಚ್‌ಗಳು ಬರೀ ಅಲಂಕಾರಕ್ಕಿಲ್ಲ. ಕ್ರಮ ತಪ್ಪಿದರೆ ಎಂಜಿನ್ನೇ ಶುರುವಾಗುವುದಿಲ್ಲ. ಫ್ಲೈಬೈವೈರ್ ತಂಡದ ಎ320 ಪುಕ್ಕಟೆ, ಓಪನ್ ಸೋರ್ಸ್. ಅದೂ ಹಾಗೇ ಪಟ್ಟು ಹಿಡಿದು ಕಲಿಸುತ್ತದೆ. ಚೆಂದ ಒಂದು ವಾರಕ್ಕೆ ಹಳತಾಗುತ್ತದೆ. ಕಲಿಯುವ ಖುಷಿ ವರ್ಷಗಟ್ಟಲೆ ಬರುತ್ತದೆ.

ಆದರೂ ಅದು ಎರವಲು ಹೊಣೆಯೇ. ಮಂಗಳೂರಿನಲ್ಲಿ ಇಳಿಯುವಾಗ ಇದು ಚುಚ್ಚುತ್ತದೆ. ಗುಡ್ಡದ ನೆತ್ತಿ ಸವರಿ ಮಾಡಿದ, ಅಂಚಿನಾಚೆ ಕಮರಿ ಇರುವ ಆ ಟೇಬಲ್‌ಟಾಪ್ ರನ್‌ವೇ ನಮಗೆಲ್ಲ ಅಚ್ಚುಮೆಚ್ಚಿನ ಸವಾಲು. 2010ರ ಮೇ 22ರಂದು ದುಬೈನಿಂದ ಬಂದ 737-800 ಅಲ್ಲಿ ರನ್‌ವೇ ದಾಟಿ ಕಮರಿಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಮಂದಿ ತೀರಿಕೊಂಡರು. 2,450 ಮೀಟರ್ ರನ್‌ವೇಯಲ್ಲಿ ಸುಮಾರು 1,600 ಮೀಟರ್ ಕಳೆದ ಮೇಲೆ ಚಕ್ರ ನೆಲ ಮುಟ್ಟಿತ್ತು. ಅದಕ್ಕೂ ಮೊದಲು ಸಹ-ಪೈಲಟ್ ಮೂರು ಸಲ 'ಗೋ ಅರೌಂಡ್' ಎಂದಿದ್ದರು, ಅಂದರೆ ಇಳಿಯುವುದು ಬೇಡ, ಮತ್ತೆ ಏರೋಣ ಅಂತ. ಅದನ್ನು ಮೀರಿ ಇಳಿಯಲು ಹೋದದ್ದೇ ಕಾರಣ ಎಂದಿತು ತನಿಖಾ ವರದಿ.

ಅಷ್ಟು ಜನ ಸತ್ತ ಜಾಗದಲ್ಲಿ ಅದೇ ಮಾದರಿಯ ವಿಮಾನ ಇಳಿಸಿ ಖುಷಿಪಡುವುದು ಸರೀನಾ?

ಅಪಘಾತವನ್ನೇ ಮರುಸೃಷ್ಟಿಸಿ ನೋಡುವ ಮಜಾ ನನಗೆ ಒಪ್ಪುವುದಿಲ್ಲ. ಅದು ಬೇರೆಯವರ ಮನೆಯ ಸಾವನ್ನು ಸಿನಿಮಾ ಮಾಡಿಕೊಂಡಂತೆ. ಆದರೆ ಅದೇ ರನ್‌ವೇಗೆ ಬರುತ್ತಾ, ಸಾವಿರ ಅಡಿಯಲ್ಲಿ ವೇಗ ಜಾಸ್ತಿ ಇದೆ ಅಂತ ಗೊತ್ತಾದಾಗ, ಯಾರೂ ನೋಡದಿದ್ದರೂ ಇಳಿಯುವುದನ್ನು ಬಿಟ್ಟು ಮೇಲೇರುವುದು ಬೇರೆ ಮಾತು. ನಮ್ಮ ಪ್ರಾಣಕ್ಕೆ ಅಲ್ಲಿ ಅಪಾಯವಿಲ್ಲ, ನಿಜ. ಆದರೆ 'ಇಷ್ಟು ಹತ್ತಿರ ಬಂದಾಯ್ತು, ಮುಗಿಸಿಬಿಡೋಣ' ಎನ್ನುವ ಆಸೆ ಅಸಲಿ. ಅದನ್ನು ಬಿಡುವ ಅಭ್ಯಾಸವೂ ಅಸಲಿ. ಶುಕ್ರವಾರ ಸಂಜೆ ಟೆಸ್ಟ್ ಫೇಲಾಗುತ್ತಿದ್ದರೂ ರಿಲೀಸ್ ಮಾಡೋಣ ಎನ್ನುವ ಮೀಟಿಂಗಿನಲ್ಲಿ ಕೂತವರಿಗೆ ಈ ಆಸೆಯ ಪರಿಚಯ ಇದ್ದೇ ಇರುತ್ತದೆ. ಅಲ್ಲಿ ಜೂನಿಯರ್ ಒಬ್ಬ 'ಬೇಡ ಸರ್' ಅಂದರೆ ಎಷ್ಟು ಸಲಕ್ಕೆ ಕಿವಿಗೊಡುತ್ತೇವೆ?

ಹಾಗಾಗಿ ಕೊಳ್ಳುವ ಮುಂಚೆ ಬರೀ ಸ್ಕ್ರೀನ್‌ಶಾಟ್ ನೋಡಬೇಡಿ. ತಪ್ಪಿದಾಗ ಅದು ಏನು ಮಾಡುತ್ತದೆ ನೋಡಿ. ಅಪ್ಸರಕೊಂಡದ ಜಲಪಾತ ಬಂದರೆ ಅದನ್ನೂ ಕೊಳ್ಳೋಣ, ಕಣ್ಣಿಗೂ ಹಬ್ಬ ಬೇಕು. ಸೋರುವ ಮಾಡನ್ನು ಮಾತ್ರ ಯಾರೂ ಮಾರುವುದಿಲ್ಲ. ಅದಕ್ಕೆ ಮಳೆಗಾಲದ ಮೊದಲು ರಜೆ ಹಾಕಿ ಊರಿಗೇ ಹೋಗಬೇಕು.