ಸ್ವಂತ ವಿಮಾನ: ಆಯ್ಕೆಯ ಧರ್ಮಸೂಕ್ಷ್ಮ

ಹಾರುವ ಬಯಕೆ ಮನುಷ್ಯನಿಗೆ ಹೊಸತಲ್ಲ. ಹಾರುವ ಯಂತ್ರವನ್ನು ಮನೆಯ ವಾಹನದಂತೆ ಕೊಂಡು ಇಟ್ಟುಕೊಳ್ಳುವ ಅನುಕೂಲವಷ್ಟೇ ಹೊಸತು. ಅಮೆರಿಕದಲ್ಲಿ ವೈದ್ಯರು, ವಕೀಲರು, ವ್ಯಾಪಾರಿಗಳು ಕೆಲಸಕ್ಕೆ ಹೋಗಿಬರಲೂ ರಜೆಯ ದಿನ ವಿಹರಿಸಲೂ ಸಣ್ಣ ವಿಮಾನವನ್ನು ಇಟ್ಟುಕೊಳ್ಳುವುದುಂಟು. ಫ್ಲಾರಿಡಾದ ಸ್ಪ್ರೂಸ್ ಕ್ರೀಕ್, ಕ್ಯಾಲಿಫೋರ್ನಿಯಾದ ಕ್ಯಾಮರಾನ್ ಪಾರ್ಕ್‌ಗಳಂತಹ ಬಡಾವಣೆಗಳಲ್ಲಿ ಮನೆಯ ಪಕ್ಕದಲ್ಲೇ ವಿಮಾನ ನಿಲ್ಲುತ್ತದೆ. ಬೀದಿಯಲ್ಲೇ ಚಲಿಸಿ ರನ್‌ವೇ ಸೇರುತ್ತದೆ. ಹೊಸೂರಿನವರಾದ ನಮಗೂ ಈ ವಿಷಯ ತೀರ ದೂರದ್ದಲ್ಲ. ನಮ್ಮ ಸಮೀಪದ ಬೆಳಗೊಂಡಪಲ್ಲಿಯಲ್ಲಿ ತನೇಜಾ ಸಂಸ್ಥೆಯವರು ಇಟಲಿಯ ಪಾರ್ಟೆನಾವಿಯಾ ವಿನ್ಯಾಸದ ಲಘು ವಿಮಾನವನ್ನು ಕಟ್ಟಿದ್ದುಂಟು. ನಮ್ಮ ಮನೆಗಳ ಮಕ್ಕಳಲ್ಲಿ ಕೆಲವರು ಅಮೆರಿಕದಲ್ಲೇ ನೆಲೆಸಿದ್ದಾರೆ. ಆದುದರಿಂದ, ಅಂತಹ ವಿಮಾನವನ್ನು ಆರಿಸಿಕೊಳ್ಳುವವನು ಯಾವುದನ್ನು, ಯಾವ ವಿವೇಕದಿಂದ ಆರಿಸಬೇಕೆಂಬುದನ್ನು ಧರ್ಮಜಿಜ್ಞಾಸೆಯಾಗಿ ನೋಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇವೆ.

ಮೊದಲನೆಯದಾಗಿ, ಪ್ರಯಾಣ ಮತ್ತು ವಿಹಾರ ಎಂಬ ಎರಡು ಪ್ರಯೋಜನಗಳು ಒಂದೇ ಜಾತಿಯವಲ್ಲ. ಪ್ರಯಾಣಿಕನಿಗೆ ತಲುಪುವುದೇ ಗುರಿ. ವಿಹರಿಸುವವನಿಗೆ ಹಾರುವುದೇ ಗುರಿ. 1938ರಿಂದ 1947ರವರೆಗೆ ತಯಾರಾದ ಪೈಪರ್ ಕಬ್ ಎಂಬ ಇಬ್ಬರ ವಿಮಾನ ಗಂಟೆಗೆ ಸುಮಾರು 120 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ. ಕೆಳಗಿನ ಹೊಲಗದ್ದೆಗಳನ್ನು ನೋಡುತ್ತ ಸಾಗುವವನಿಗೆ ಅದು ಸಾಕು. ಸೈರಸ್ ಎಸ್‌ಆರ್ 22 ಗಂಟೆಗೆ 300 ಕಿಲೋಮೀಟರಿಗೂ ಮಿಗಿಲಾದ ವೇಗದ್ದು. ಆಪತ್ತಿನಲ್ಲಿ ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಶೂಟ್ ಕೂಡ ಅದರಲ್ಲಿದೆ. ಇವೆರಡರ ನಡುವೆ ಸೆಸ್ನಾ 172 ಇದೆ. 1956ರಿಂದ ಮಾರಾಟವಾಗುತ್ತಿರುವ ಈ ವಿಮಾನಗಳ ಸಂಖ್ಯೆ ನಲವತ್ತು ಸಾವಿರವನ್ನು ದಾಟಿದೆ. ಇವುಗಳಲ್ಲಿ ಯಾವುದು ಶ್ರೇಷ್ಠವೆಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವುದಕ್ಕೆ, ಯಾರಿಗೆ ಎಂದು ಕೇಳಿದಾಗಲೇ ಉತ್ತರ ದೊರೆಯುತ್ತದೆ.

ಇಲ್ಲಿ ಆಸೆಯು ಲೆಕ್ಕವನ್ನು ಮರೆಸುವುದುಂಟು. ಸೆಸ್ನಾ 172ರಲ್ಲಿ ನಾಲ್ಕು ಆಸನಗಳಿವೆ. ಆದರೆ ಇಂಧನವನ್ನು ಪೂರ್ಣ ತುಂಬಿಸಿದರೆ ಅದು ಸಾಮಾನ್ಯವಾಗಿ ಮೈಕಟ್ಟಿನ ನಾಲ್ವರನ್ನು ಸಾಮಾನಿನೊಡನೆ ಹೊರಲಾರದು. ಜನರನ್ನೋ ಇಂಧನವನ್ನೋ ಕಡಿಮೆ ಮಾಡಲೇಬೇಕು. ಆಸನವಿದೆ ಎಂದ ಮಾತ್ರಕ್ಕೆ ಸಾಮರ್ಥ್ಯವಿದೆ ಎಂದಾಗದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಹಣಕ್ಕಷ್ಟೇ ಅನ್ವಯಿಸುತ್ತೇವೆ. ಆಕಾಶದಲ್ಲಿ ಅದು ಪ್ರಾಣಕ್ಕೂ ಅನ್ವಯಿಸುತ್ತದೆ.

ಇದಕ್ಕಿಂತ ಸೂಕ್ಷ್ಮವಾದುದು ಕಾಲದ ಬಂಧನ. 1999ರ ಜುಲೈ 16ರ ರಾತ್ರಿ, ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಬಂಧುಗಳ ಮನೆಯ ಮದುವೆಗೆಂದು ತಮ್ಮ ಪೈಪರ್ ಸಾರಟೋಗಾ ವಿಮಾನವನ್ನು ತಾವೇ ನಡೆಸುತ್ತ ಹೊರಟರು. ಪತ್ನಿಯೂ ಆಕೆಯ ಅಕ್ಕನೂ ಜೊತೆಗಿದ್ದರು. ಸಮುದ್ರದ ಮೇಲಿನ ಕತ್ತಲು ಮತ್ತು ಮಬ್ಬಿನಲ್ಲಿ ದಿಕ್ಕುದೆಸೆಯ ಅರಿವು ತಪ್ಪಿ ವಿಮಾನ ನೀರಿಗೆ ಬಿತ್ತೆಂದು ತನಿಖೆ ನಿರ್ಣಯಿಸಿತು. ಮೂವರೂ ಉಳಿಯಲಿಲ್ಲ. ಅಗಲಿದವರನ್ನು ನಿಂದಿಸಲು ಇದನ್ನು ಹೇಳುತ್ತಿಲ್ಲ. ನಿಗದಿತ ವೇಳೆಗೆ ತಲುಪಲೇಬೇಕೆಂಬ ಒತ್ತಡ ಯಾವ ಚಾಲಕನನ್ನೂ ಹಿಡಿಯಬಲ್ಲದು. ಕಚೇರಿಗೆ ದಿನವೂ ಹಾರಿ ಹೋಗುವವನ ಬೆನ್ನಿಗೆ ಆ ಒತ್ತಡ ನಿತ್ಯವೂ ಇರುತ್ತದೆ. ಆದುದರಿಂದ ವಿಮಾನವನ್ನು ಕೊಳ್ಳುವ ಮೊದಲು ಅವನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ: ಮೋಡ ಕವಿದ ದಿನ ಇದನ್ನು ನೆಲದಲ್ಲೇ ಬಿಟ್ಟು ಕಾರಿನಲ್ಲಿ ಹೋಗುವ, ಇಲ್ಲವೇ ಹೋಗದಿರುವ ಸ್ವಾತಂತ್ರ್ಯ ನನಗಿದೆಯೇ? ಇಲ್ಲವಾದರೆ ವೇಗವಾಗಲಿ ಪ್ಯಾರಾಶೂಟ್ ಆಗಲಿ ಆ ಕೊರತೆಯನ್ನು ತುಂಬಲಾರವು.

ಅಪಾಯವಿಲ್ಲದ ಸಾಹಸವುಂಟೇ ಎಂದು ಕೆಲವರು ಕೇಳಿಯಾರು. ಕೇಳುವುದು ನ್ಯಾಯವೇ. ಆದರೆ ತಾನು ಒಪ್ಪಿಕೊಂಡ ಅಪಾಯ ಬೇರೆ, ತನ್ನನ್ನು ನಂಬಿ ಕುಳಿತವರ ಮೇಲೆ ಹೊರಿಸುವ ಅಪಾಯ ಬೇರೆ. ವಿಮಾನವನ್ನೇ ಹತ್ತದವರ ಮೇಲೆ ಬೀಳುವ ಅಪಾಯವಂತೂ ಇನ್ನೂ ಬೇರೆ. ಸಣ್ಣ ವಿಮಾನಗಳ ಪೆಟ್ರೋಲಿನಲ್ಲಿ ಇಂದಿಗೂ ಬಹುಮಟ್ಟಿಗೆ ಸೀಸ ಬೆರೆತಿದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ನಗರದ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದ ಹತ್ತಿರ ವಾಸಿಸುವ ಮಕ್ಕಳ ರಕ್ತದಲ್ಲಿ ಸೀಸದ ಪ್ರಮಾಣ ದೂರದ ಮಕ್ಕಳಿಗಿಂತ ಹೆಚ್ಚಿದೆಯೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. 2022ರ ಜನವರಿ 1ರಿಂದ ಅಲ್ಲಿ ಸೀಸಯುಕ್ತ ಇಂಧನದ ಮಾರಾಟವನ್ನೇ ನಿಲ್ಲಿಸಲಾಯಿತು. ಸೀಸವಿಲ್ಲದ ಇಂಧನದಿಂದ ನಡೆಯಬಲ್ಲ ಎಂಜಿನ್‌ಗಳೂ ಇವೆ. ಆರಿಸುವವನು ಬೆಲೆ, ವೇಗಗಳೊಡನೆ ಇದನ್ನೂ ವಿಚಾರಿಸಬೇಕಾದುದು ನೆರೆಯವರ ಋಣ.

ಕೊನೆಯದಾಗಿ, ಒಡೆತನದ ಪ್ರಶ್ನೆ. ಹಾರಲು ವಿಮಾನ ಬೇಕು, ನಿಜ. ಆದರೆ ಅದು ತನ್ನೊಬ್ಬನದೇ ಆಗಿರಬೇಕೇ? ಪುಷ್ಪಕ ಕುಬೇರನದು. ರಾವಣ ಅದನ್ನು ಕಸಿದುಕೊಂಡು ತನ್ನದಾಗಿಸಿಕೊಂಡ. ಶ್ರೀರಾಮ ಅದರಲ್ಲಿ ಅಯೋಧ್ಯೆಗೆ ಬಂದಿಳಿದ ಮೇಲೆ ಕುಬೇರನಿಗೇ ಮರಳಿಸಿದ. ಒಂದೇ ವಿಮಾನ, ಒಬ್ಬನಿಗೆ ಮದವಾಯಿತು, ಇನ್ನೊಬ್ಬನಿಗೆ ಸಾಧನವಾಯಿತು. ಬೆಂಗಳೂರಿನ ಹಿಂದುಸ್ತಾನ್ ಕಾರ್ಖಾನೆ ನಿರ್ಮಿಸಿ 1958ರಲ್ಲಿ ಮೊದಲ ಬಾರಿ ಹಾರಿಸಿದ ಇಬ್ಬರ ವಿಮಾನಕ್ಕೆ ಪುಷ್ಪಕ್ ಎಂದೇ ಹೆಸರು. ಅದು ಮುಖ್ಯವಾಗಿ ದೇಶದ ಫ್ಲೈಯಿಂಗ್ ಕ್ಲಬ್ಬುಗಳನ್ನು ಸೇರಿ ಅನೇಕರಿಗೆ ಹಾರಾಟ ಕಲಿಸಿತು. ಅಮೆರಿಕದಲ್ಲಿಯೂ ಹಲವರು ಸೇರಿ ಒಂದು ವಿಮಾನವನ್ನು ಹೊಂದುವ ಪದ್ಧತಿ ಬಳಕೆಯಲ್ಲಿದೆ. ತಿಂಗಳಿಗೆ ನಾಲ್ಕಾರು ಗಂಟೆ ಹಾರುವವನಿಗೆ ಅದೇ ಯೋಗ್ಯವೆಂದು ನಮಗೆ ತೋರುತ್ತದೆ. ಖರ್ಚು ಹಂಚಿಹೋಗುತ್ತದೆ, ಜೊತೆಗಾರನು ತಪ್ಪನ್ನು ಗುರುತಿಸಿ ಹೇಳುತ್ತಾನೆ, ಯಂತ್ರವೂ ನಿಂತಲ್ಲೇ ಕೆಡುವುದಿಲ್ಲ.

ಕಠೋಪನಿಷತ್ತು ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂದು ವಿಂಗಡಿಸುತ್ತದೆ. ಆದರೆ ಪ್ರಿಯವಾದುದೆಲ್ಲ ತ್ಯಾಜ್ಯವೆಂದು ನಾವು ತಿಳಿಯಬೇಕಿಲ್ಲ. ಮುಗಿಲ ನಡುವೆ ತೇಲುವ ಸಂತೋಷ ದೊಡ್ಡ ಸಂತೋಷವೇ. ದೂರದೇಶದ ಮಗನೋ ಮಗಳೋ ನಾಳೆ ದೂರವಾಣಿಯಲ್ಲಿ ‘ವಿಮಾನ ಕೊಳ್ಳುತ್ತಿದ್ದೇನೆ’ ಎಂದರೆ, ನಾವು ಹಿರಿಯರು ಬೆಲೆಯನ್ನು ಕೇಳಿ ಬೆರಗಾಗುವುದಕ್ಕೆ ಮುಂಚೆ ಮೂರು ಮಾತು ಕೇಳೋಣ: ಯಾತಕ್ಕಾಗಿ? ಯಾರನ್ನು ಕೂರಿಸಿಕೊಂಡು? ಹೊರಡಬಾರದ ದಿನ ನಿಲ್ಲಬಲ್ಲೆಯಾ? ಮೂರಕ್ಕೂ ನೆಮ್ಮದಿಯ ಉತ್ತರ ಬಂದರೆ ಹರಸಿ ಕಳುಹಿಸೋಣ.