ಅಂಗಳದ ಆಚೆ

ಮೊದಲ ಸಲ ಜಪಾನಿಗೆ ಹೋಗಿ ಬಂದವರು ಹೆಚ್ಚಾಗಿ ಹೇಳುವ ಮಾತೊಂದಿದೆ: ಬೀದಿಯಲ್ಲಿ ಕಸವೂ ಇಲ್ಲ, ಕಸದ ಬುಟ್ಟಿಯೂ ಅಪರೂಪ. 1995ರ ಟೋಕಿಯೋ ಸುರಂಗ ರೈಲಿನ ವಿಷಾನಿಲ ದಾಳಿಯ ಬಳಿಕ ಅನೇಕ ಕಡೆ ಬುಟ್ಟಿಗಳನ್ನು ತೆಗೆದರು. ಜನ ಕಸವನ್ನು ಮನೆಗೇ ಒಯ್ಯುತ್ತಾರೆ. 1898ರಲ್ಲಿ ಜಪಾನ್ ನೋಡಿದ ವಿಶ್ವೇಶ್ವರಯ್ಯನವರು ಮೆಚ್ಚಿದ್ದು ಅಲ್ಲಿನ ಶಿಕ್ಷಣವನ್ನು. ಇಂದಿಗೂ ಅಲ್ಲಿನ ಶಾಲೆಗಳಲ್ಲಿ ಮಕ್ಕಳೇ ತರಗತಿ ಗುಡಿಸುತ್ತಾರೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ನಾವೇನು ಕೊಳಕರೇ? ಅಲ್ಲ. ಜಪಾನೀಯರಂತೆಯೇ ಚಪ್ಪಲಿ ಹೊರಗೆ ಬಿಡುತ್ತೇವೆ, ದಿನಾ ಅಂಗಳ ಗುಡಿಸುತ್ತೇವೆ. ಆದರೆ ಮನೆಯ ಕಸದ ಚೀಲ ಸೇತುವೆಯಿಂದ ನೇತ್ರಾವತಿಗೆ ಬೀಳುತ್ತದೆ. ಅದೇ ನೀರು ತುಂಬೆಯಿಂದ ಮಂಗಳೂರಿನ ನಲ್ಲಿಗೆ ಹೋಗುತ್ತದೆ.

ಜಪಾನೀಯರದು ನೆರೆಯವರ ಕಣ್ಣಿನ ಅಂಜಿಕೆ ಎನ್ನುವವರಿದ್ದಾರೆ. ಇರಬಹುದು. ನಮಗೂ ಆ ಅಂಜಿಕೆಯಿದೆ, ಆದ್ದರಿಂದಲೇ ಚೀಲ ಎಸೆಯಲು ಕತ್ತಲಾಗುವುದನ್ನು ಕಾಯುತ್ತೇವೆ. ಕೊರತೆಯಿರುವುದು ಶುಚಿತ್ವದ ಅರಿವಿನಲ್ಲಲ್ಲ; ‘ನಮ್ಮದು’ ಎಂಬ ಮಾತು ನಮ್ಮ ಗೇಟಿನಲ್ಲೇ ನಿಂತುಬಿಡುತ್ತದೆ.